ಕರೆಪ್ಪನ ಊರಲ್ಲಿ ಹೆಣ್ಣುಮಕ್ಕಳೇ ಇಲ್ಲವಂತೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಹಳ್ಳಿಗಳಲ್ಲಿ ಏನಾಗುತ್ತದೆಂದು ನಿಮಗೂ ಗೊತ್ತು. ಗಂಡುಹುಡುಗ ಪಾಸಾದರೆ ಓಣಿಗೆಲ್ಲ ಪೇಢೆ. ಹುಡುಗಿ ಪಾಸಾದರೆ, "ಸಾಕ ಬಿಡ್ರಿ, ಕಾಗದ ಓದಾಕ ಬಂತಲ್ಲ" ಎಂಬ ಒಂದು ಮಾತು. ಪಾಸಾದ ಹುಡುಗಿ ಮಾರನೆಯ ಬೆಳಗ್ಗೆ ಎಂದಿನಂತೆ ಕಸಬರಿಗೆ ಹಿಡಿಯುತ್ತಾಳೆ. ಮುಂದೇನು ಎಂದು ಅವಳನ್ನು ಕೇಳುವವರೇ ಇಲ್ಲ.

೧೯೭೯ರ ಜೂನ್ ತಿಂಗಳಲ್ಲಿ, ನಂದಗಡದಿಂದ ಮೂರು ಮೈಲಿ ಒಳಗಿರುವ ಒಂದು ಊರಿನಲ್ಲಿ, ಕುರಿ ಕಾಯುವ ಕರೆಪ್ಪನ ಮಗಳು ಸಾವಂತ್ರಿ ಪಾಸಾದಳು. ಅದೂ ಎರಡನೇ ದರ್ಜೆಯಲ್ಲಿ. ಮೂರು ವರ್ಷ ದಿನಾ ನಂದಗಡದ ಹೈಸ್ಕೂಲಿಗೆ ನಡೆದೇ ಹೋಗಿ ಬಂದ ಹುಡುಗಿ. ಕರೆಪ್ಪನಿಗೆ ಮಗಳ ಮೇಲೆ ಜೀವ. ಓದಬೇಡ ಎಂದು ಅವನು ಒಂದು ದಿನವೂ ಅಂದವನಲ್ಲ. ಆದರೆ ಅವನಿಗೊಂದು ರೋಗವಿತ್ತು, ಸಂಶಯದ ರೋಗ. ಸೂಜಿ ಚುಚ್ಚುವ ಡಾಕ್ಟರರ ಬಾಟಲಿಯನ್ನೂ ಮೂಸಿ ನೋಡುವ ಮನುಷ್ಯ ಅವನು. ಅದರಲ್ಲೂ ಕಾಗದ ಹಿಡಿದು ಬಂದವರನ್ನು ಕಂಡರೆ ಮುಗಿದೇ ಹೋಯಿತು.

ಎಲ್ಲ ಅವನದೇ ತಪ್ಪು ಎನ್ನಲಿಕ್ಕೂ ಆಗದು. ಮೂರು ವರ್ಷದ ಹಿಂದೆ, ಎಮರ್ಜೆನ್ಸಿಯಲ್ಲಿ, ಮಕ್ಕಳಾಗದಂತೆ ಮಾಡುವ ಆಪರೇಶನ್ನಿನ ಜೀಪು ಬಂದಾಗ ಮಕ್ಕಳೆಷ್ಟು ಎಂದೇ ಮೊದಲು ಕೇಳಿದ್ದರು. ಆ ವಾರ ಊರಿನ ಗಂಡಸರು ಅಡವಿಯಲ್ಲಿ ಅಡಗಿ ಕುಳಿತಿದ್ದರು. ಆಮೇಲೆ ಹೊಲ ಯಾರದೆಂದು ತೀರ್ಮಾನಿಸುವ ಟ್ರಿಬ್ಯೂನಲ್ಲು ಬಂತು, ಫಾರ್ಮು ತುಂಬು, ಹೆಬ್ಬೆಟ್ಟು ಒತ್ತು ಎಂದರು. ಹೀಗೆ ಸುಟ್ಟುಕೊಂಡವನಿಗೆ ಕಾಗದ ಅಂದರೆ ಹೆದರಿಕೆ.

ಫಲಿತಾಂಶ ಬಂದ ನಾಲ್ಕನೇ ದಿನ ಇಬ್ಬರು ನಂದಗಡದಲ್ಲಿ ಬಸ್ಸಿಳಿದು ಊರಿಗೆ ನಡೆದು ಬಂದರು. ಒಬ್ಬರು ಕಾಂತಾ ಅಕ್ಕೋರು, ಖಾನಾಪುರದ ಕಾಲೇಜಿನಲ್ಲಿ ಕಲಿಸುವವರು. ಇನ್ನೊಬ್ಬರು ಅದೇ ಕಾಲೇಜಿನ ಗುಮಾಸ್ತ ಈರಯ್ಯ. ಈರಯ್ಯನ ಬಗಲಲ್ಲಿ ದೊಡ್ಡದೊಂದು ರಿಜಿಸ್ಟರಿನ ವಹಿ ಇತ್ತು. ಕರೆಪ್ಪ ದೂರದಿಂದಲೇ ನೋಡಿ ಹೆಂಡತಿಗೆ ಹೇಳಿದ:

"ಸರಕಾರದವರಾದ್ರ ಜೀಪಿನ್ಯಾಗ ಬರತಿದ್ರು. ನಡಕೊಂಡ ಬಂದಾರಂದ್ರ ಇದು ಗುಟ್ಟಿನ ಕೆಲಸ."

ಆದರೂ ಮನೆಗೆ ಬಂದವರಿಗೆ ಕಂಬಳಿ ಹಾಸಿದ. "ಬರ್ರಿ, ಕುಂದರ್ರಿ" ಎಂದ.

"ನಾವು ಖಾನಾಪುರ ಕಾಲೇಜಿನವರ್ರಿ. ಯಾವ ಊರಾಗ ಎಷ್ಟ ಮಕ್ಕಳು ಎಲ್ಲಿ ತನಕಾ ಕಲತಾರ, ಮುಂದ ಯಾಕ ಕಲೀಲಿಲ್ಲ ಅಂತ ಬರಕೊಳ್ಳಾಕ ಬಂದೀವ್ರಿ. ನಿಮ್ಮ ಮನ್ಯಾಗ ಎಷ್ಟ ಮಂದಿ ಅದೀರಿ?" ಎಂದರು ಅಕ್ಕೋರು.

ಆಹಾ, ತಲೆ ಎಣಿಸಲಿಕ್ಕೆ ಸುರುಮಾಡಿದರು, ಇದು ಆಪರೇಶನ್ನೇ ಸೈ ಎಂದುಕೊಂಡ ಕರೆಪ್ಪ.

"ಯಾಕ್ರೀ, ಊಟಕ್ಕ ಕರೀತೀರೇನು?"

ಅಕ್ಕೋರು ನಕ್ಕರು. "ಹೊಲ ಎಷ್ಟ ಐತ್ರಿ?"

ಇದು ಟ್ರಿಬ್ಯೂನಲ್ಲು. "ಹೊಲ ಎಲ್ಲೀದ್ರಿ? ಕಲ್ಲ ಅದಾವ ಒಂದಿಷ್ಟು."

"ಮನ್ಯಾಗ ಯಾವ ಮಾತ ಆಡ್ತೀರಿ? ಕನ್ನಡಾನೋ, ಮರಾಠೀನೋ?"

ಇದು ಗಡಿ ಗದ್ದಲ, ಬೇರೆ ಮಾತೇ ಇಲ್ಲ! "ನಾ ಕುರಿ ಸಂಗಾಟ ಇರಾಂವ್ರಿ. ನಂದು ಮಾತ ಕಡಿಮಿ."

ಈರಯ್ಯ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಅದೂ ಕರೆಪ್ಪನ ಕಣ್ಣಿಗೆ ಬಿತ್ತು. ಆಮೇಲೆ ತಮಗೆ ಬೇಕಾದಂತೆ ತಿದ್ದಿಕೊಳ್ಳುವ ಹಂಚಿಕೆ ಎಂದು ಲೆಕ್ಕ ಹಾಕಿದ.

"ಹೆಣ್ಮಕ್ಕಳು?"

ಕಾಲೇಜು ಎಂಬ ಶಬ್ದ ಕಿವಿಗೆ ಬಿದ್ದು ಸಾವಂತ್ರಿ ಆಗಲೇ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕರೆಪ್ಪ ಅವಳ ಕಡೆ ನೋಡಲಿಲ್ಲ.

"ಒಬ್ಬಾಕಿ ಅದಾಳ್ರಿ. ಲಗ್ನ ಮಾಡಿ ಹಳಿಯಾಳ ಕಡೆ ಕೊಟ್ಟೀವಿ."

"ಮತ್ತ ಇಕಿ ಯಾರ್ರೀ?"

"ನಮ್ಮ ತಂಗಿ ಮಗಳು. ಹಬ್ಬಕ್ಕ ಬಂದಾಳ."

"ಈಗ ಯಾವ ಹಬ್ಬಾರೀ?"

"ಕಾರಹುಣ್ಣಿವಿ ಬಂತಲ್ರೀ!"

ಒಳಗೆ ಅವನ ಹೆಂಡತಿ ಭರಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಅಕ್ಕೋರು ಹುಡುಗಿಯ ಮುಖ ನೋಡಿ ಎದ್ದರು.

ಅವರು ಹೊಸ್ತಿಲು ದಾಟುವುದರೊಳಗೆ ಕರೆಪ್ಪ ಹಿತ್ತಲಿನಿಂದ ಹೊರಬಿದ್ದ. ಊರಲ್ಲಿ ಅವನ ಮಾತಿಗೆ ಬೆಲೆಯಿತ್ತು. "ಹೆಣ್ಮಕ್ಕಳ ಹೆಸರ ಹೇಳಬ್ಯಾಡ್ರಿ, ಏನೋ ಕಿತಾಪತಿ ಐತಿ" ಎಂದು ಮನೆಮನೆಗೆ ಹೇಳಿ ಬಂದ. ನೆರೆಮನೆಯ ರಾಯಪ್ಪ ಮೊದಲು ಹೂಂ ಎಂದ. ಅವನ ಹಿಂದೆ ಎಲ್ಲರೂ. ಒಬ್ಬ ಮಗಳು ಇನ್ನೂ ಸಣ್ಣಾಕಿ ಎಂದ, ಇನ್ನೊಬ್ಬ ಬೆಳಗಾವಿಯ ಮಾವನ ಮನೆಯಲ್ಲಿದ್ದಾಳೆ ಎಂದ. ಬಂದವರು ಬಿಸಿಲಲ್ಲಿ ತಿರುಗಿ ತಿರುಗಿ ಸೋತು ಹೋದರು. ಊರು ಗೆದ್ದಿತು! ಏನು ಗೆದ್ದಿತೋ ದೇವರೇ ಬಲ್ಲ.

ಊಟಕ್ಕೆ ಕುಳಿತಾಗ ಸಾವಂತ್ರಿ ಕೇಳಿದಳು: "ಯಪ್ಪಾ, ನಂದ ಲಗ್ನ ಯಾವಾಗ ಆತು? ನನ್ನ ಕರೀಲೇ ಇಲ್ಲಲ್ಲ."

"ಏ, ಸುಮ್ಮನ ಉಣ್ಣು."

"ಗಂಡನ ಹೆಸರಾದ್ರೂ ಹೇಳು. ಯಾರಾರ ಕೇಳಿದ್ರ ಏನ ಹೇಳ್ಲಿ?" ಎಂದವಳು ತಟ್ಟೆ ಸರಿಸಿ ಅತ್ತೇಬಿಟ್ಟಳು. "ನಾ ಕಾಲೇಜ ಕಲೀಬೇಕು. ಕಾಲೇಜಿನವರ ಮನೀಗೆ ಬಂದ್ರ ನನ್ನ ಇಲ್ಲ ಅಂದೆಲ್ಲ ನೀನು!"

ಕರೆಪ್ಪ ತಟ್ಟೆಯನ್ನು ಮತ್ತೆ ಅವಳ ಮುಂದೆ ಸರಿಸಿದ. "ಹುಚ್ಚಿ, ಕಲಿಯಂತಿ. ಯಾರ ಬ್ಯಾಡಂದ್ರು? ನಾನ ಖುದ್ದ ಬಂದು ಹೆಸರ ಹಚ್ತೀನಿ. ಆ ವಹಿಯಾಗ ಬರಸೂದು ಬ್ಯಾಡ ಅಂದ್ನಿ, ಅಷ್ಟ."

ವಹಿ ಬೇರೆ, ಕಾಲೇಜು ಬೇರೆ ಎಂದು ಅವನು ತಿಳಿದಿದ್ದ. ಅಲ್ಲೇ ಎಡವಿದ್ದು.

ಮೂರು ವಾರ ಕಳೆದ ಮೇಲೆ, ಒಂದು ಸೋಮವಾರ, ಅಪ್ಪ ಮಗಳು ಖಾನಾಪುರಕ್ಕೆ ಹೋದರು. ಕಾಲೇಜಿನ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಸಾವಂತ್ರಿ ಓದಿದಳು. ಹಳ್ಳಿಯ ಹುಡುಗಿಯರಿಗಾಗಿ ಬೆಳಗ್ಗೆ ಎಂಟಕ್ಕೆ ಹೊಸ ಬಸ್ಸು ಬರುತ್ತದಂತೆ. ಯಾವ ಯಾವ ಊರಿಗೆ ಎಂದು ಪಟ್ಟಿಯಿತ್ತು. ಇವರ ಪಕ್ಕದ ಸಣ್ಣ ಊರು ಅದರಲ್ಲಿತ್ತು. ಇವರ ಊರು ಇರಲಿಲ್ಲ. ಬಸ್ಸು ಆ ಊರಿನ ತನಕ ಬಂದು ಅಲ್ಲಿಂದಲೇ ತಿರುಗಿ ಹೋಗುವುದು. ನಡುವೆ ಅಡವಿ, ಹುಡುಗಿ ಒಬ್ಬಳೇ ದಾಟುವ ದಾರಿಯಲ್ಲ.

"ನೋಡಿದಿ? ಯಾರದೋ ವಶೀಲಿ ಐತಿ!" ಎಂದು ಕರೆಪ್ಪ ಸಿಟ್ಟಿನಿಂದ ಆಫೀಸಿಗೆ ನುಗ್ಗಿದ.

ಈರಯ್ಯ ಹೆಸರು, ಊರು ಕೇಳಿ ವಹಿ ತೆಗೆದ. "ಕರೆಪ್ಪ. ಮಗಳು ಒಬ್ಬಾಕಿ. ಲಗ್ನ ಆಗೈತಿ, ಹಳಿಯಾಳ." ಕನ್ನಡಕದ ಮೇಲಿಂದ ಸಾವಂತ್ರಿಯನ್ನು ನೋಡಿದ. "ಇಕಿ ನಿಮ್ಮ ತಂಗಿ ಮಗಳಲ್ರೀ? ಇಕಿ ತಂದಿ ಬಂದ ಸಹಿ ಮಾಡಬೇಕ್ರಿ."

ಅಷ್ಟರಲ್ಲಿ ಕಾಂತಾ ಅಕ್ಕೋರು ಒಳಗೆ ಬಂದರು. ಅವರು ಬೈಯಲಿಲ್ಲ, ಕುರ್ಚಿ ಕೊಟ್ಟರು. ಕರೆಪ್ಪ ಕೂರಲಿಲ್ಲ.

"ಮೊದಲ ಹೇಳ್ರಿ, ಮಕ್ಕಳೆಷ್ಟು, ವಯಸ್ಸೆಷ್ಟು ಅಂತ ಯಾಕ ಕೇಳಿದ್ರಿ?"

"ಇನ್ನ ನಾಕ ವರ್ಷಕ್ಕ ಎಷ್ಟ ಮಕ್ಕಳು ಕಾಲೇಜಿಗೆ ಬರ್ತಾರ ಅಂತ ತಿಳೀಬೇಕಲ್ರೀ. ಪಾಠದ ಖೋಲಿ ಸಾಲಬೇಕು, ಕಲಸಾವ್ರು ಸಾಲಬೇಕು."

"ಹೊಲದ ಮಾತ ಯಾಕ?"

"ಬಡವರ ಮಕ್ಕಳಿಗೆ ಫೀ ಮಾಫಿ ಐತ್ರಿ. ಎಷ್ಟ ಮಂದಿಗೆ ಬೇಕಾಗ್ತೈತಿ ಅಂತ."

"ಕನ್ನಡ, ಮರಾಠಿ?"

"ಮರಾಠಿ ಸಾಲ್ಯಾಗ ಕಲತ ಬಂದ ಮಕ್ಕಳಿಗೆ ಎರಡೂ ಮಾತಿನ್ಯಾಗ ತಿಳಿಸಿ ಹೇಳಬೇಕಾಗ್ತೈತ್ರಿ. ಇಲ್ಲಂದ್ರ ನಡುವ ಬಿಟ್ಟ ಹೋಗ್ತಾರ."

"ಈ ವಹಿ ಆ ಆಪರೇಶನ್ನಿನವರ ಕೈಗೆ ಹೋಗೂದಿಲ್ಲ ಅಂತ ಏನ ಖಾತ್ರಿ?"

"ಕೇಳಬೇಕಾದ ಮಾತನ್ನ ಕೇಳಿದ್ರಿ. ಅವತ್ತ ಕೇಳಿದ್ರ ಅವತ್ತ ಹೇಳತಿದ್ನಿ. ಈ ವಹಿ ನಮ್ಮ ಕಪಾಟ ಬಿಟ್ಟ ಹೋಗೂದಿಲ್ಲ. ಹೊರಗ ಹೋಗೂದು ಊರಿನ ಹೆಸರು, ಮಕ್ಕಳ ಸಂಖ್ಯಾ, ಅಷ್ಟ."

"ಪೆನ್ಸಿಲಿನ್ಯಾಗ ಯಾಕ ಬರದ್ರಿ?"

"ತಪ್ಪ ಹೇಳಿದವರು ತಿರುಗಿ ಬಂದ್ರ ತಿದ್ದಾಕ್ರಿ. ಹದಿನೈದ ದಿನಾ ಹಾದಿ ನೋಡಿದ್ವಿ. ನಿಮ್ಮೂರಿಂದ ಯಾರೂ ಬರಲಿಲ್ಲ."

ಅಕ್ಕೋರೇ ಮುಂದುವರಿಸಿದರು: "ನಮ್ಮ ಕಾಲೇಜಿನ್ಯಾಗ ನೂರಾ ಐವತ್ತ ಮಕ್ಕಳದಾರ. ಹುಡಿಗ್ಯಾರು ಹದಿನಾಕ. ಅಷ್ಟೂ ಮಂದಿ ಈ ಪ್ಯಾಟಿಯವರ. ಹಳ್ಳಿಯಾಕಿ ಒಬ್ಬಾಕಿ ಇಲ್ಲ. ಹುಡುಗರು ವರ್ಷಾ ವರ್ಷಾ ಹೆಚ್ಚ ಆಗಾಕತ್ತಾರ, ಹುಡಿಗ್ಯಾರು ಕಡಿಮಿ ಆಗಾಕತ್ತಾರ. ಹೈಸ್ಕೂಲ ಪಾಸಾದ ಹುಡಿಗ್ಯಾರು ಎಲ್ಲಿ ಹೋದ್ರಂತ ಹುಡಕೊಂಡ ಬಂದಿದ್ವಿ ನಾವು. ಬಸ್ ಕೊಡ್ರಿ ಅಂದ್ರ ಬೆಳಗಾವಿ ಬಸ್ ಆಫೀಸಿನವರು, ಎಷ್ಟ ಹುಡಿಗ್ಯಾರದಾರ ತೋರಸ್ರಿ ಅಂತಾರ. ನಿಮ್ಮೂರಂದ ಏನ ತೋರಸ್ಲಿ? ಬೇಕಾರ ನೀವ ನೋಡ್ರಿ." ವಹಿಯನ್ನು ಅವನ ಕಡೆ ತಿರುಗಿಸಿದರು.

ಕರೆಪ್ಪನಿಗೆ ಓದು ಬರದು. ಅಕ್ಕೋರು ಓದಿದರೆ ಅವನು ನಂಬುವವನಲ್ಲ. ಮಗಳಿಗೆ ಓದಲು ಹೇಳಿದ. ಸಾವಂತ್ರಿ ಸಾಲಿನ ಮೇಲೆ ಬೆರಳಿಟ್ಟು ಊರಿನ ಹೆಸರು ಓದಿದಳು.

"ಕಾಲೇಜಿಗೆ ಬರೂ ಗಂಡಮಕ್ಕಳು ಹನ್ನೊಂದು."

"ಹೆಣ್ಮಕ್ಕಳು?"

ಹುಡುಗಿ ಆ ಸಾಲನ್ನು ಮತ್ತೊಮ್ಮೆ ನೋಡಿದಳು.

"ಓದವ್ವಾ."

"ಸೊನ್ನಿ ಐತಿ ಯಪ್ಪಾ. ನಮ್ಮೂರಾಗ ಹೆಣ್ಮಕ್ಕಳ ಇಲ್ಲಂತ."

ಕರೆಪ್ಪನಿಗೆ ಭಾರೀ ನಾಚಿಕೆಯಾಯಿತು. ಕುರ್ಚಿಯಲ್ಲಿ ಕುಸಿದು ಕುಳಿತ. ಎಲ್ಲರ ಮೇಲೂ ಸಂಶಯಪಟ್ಟವನಿಗೆ ತನ್ನ ಬಾಯಿಯೇ ಮಗಳ ದಾರಿಗೆ ಅಡ್ಡ ಬಿದ್ದದ್ದು ಕಂಡಿರಲಿಲ್ಲ. ಈರಯ್ಯನ ಕಡೆ ತಿರುಗಿ ಹೇಳಿದ:

"ಬರಕೋರಿ. ಸಾವಂತ್ರಿ. ವಯಸ್ಸ ಹದಿನೇಳು. ಇಕಿ ನನ್ನ ಮಗಳು. ಲಗ್ನ ಆಗಿಲ್ಲ. ನಾ ಸುಳ್ಳ ಹೇಳಿದ್ನಿ."

ಈರಯ್ಯ ಬರೆದುಕೊಂಡ. ಆದರೆ ಹೆಸರು ಹಚ್ಚಿದರೆ ಮುಗಿಯಿತೆ? ಊರಿಂದ ನಂದಗಡಕ್ಕೆ ನಡೆದು, ಅಲ್ಲಿ ಬಸ್ಸು ಹಿಡಿದು ಬರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಕಾಂತಾ ಅಕ್ಕೋರು ಖಡಾಖಡಿ ಹೇಳಿದರು: "ಈ ವರ್ಷ ಇರ್ಲಿ, ಹಿಂದಿನ ವರ್ಷ ಇರ್ಲಿ, ಹೈಸ್ಕೂಲ ಪಾಸಾದ ಎಂಟ ಹುಡಿಗ್ಯಾರಿದ್ರ ಬಸ್ ನಿಮ್ಮೂರಿಗೆ ಬರ್ತೈತಿ. ಶುಕ್ರವಾರ ನಾನು ಬೆಳಗಾವಿಗೆ ಹೊಂಟೀನಿ. ಗುರುವಾರದೊಳಗ ಹೆಸರ ತಂದ ಕೊಡ್ರಿ."

ಉಳಿದದ್ದು ಮೂರು ದಿನ. ಕರೆಪ್ಪ ಮನೆಮನೆಗೆ ಹೋದ. ರಾಯಪ್ಪ ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಕೇಳಿದ: "ಅವತ್ತ ಹೇಳಬ್ಯಾಡ ಅಂದಿ, ಇವತ್ತ ಹೇಳು ಅಂತಿ. ಅವರು ನಿನಗ ಏನ ಕೊಟ್ಟಾರೋ ಕರೆಪ್ಪಾ?"

ಕುಳಿತವರೆಲ್ಲ ಹೋ ಎಂದು ನಕ್ಕರು. ಸಂಶಯದ ಖಾರ ಹೇಗಿರುತ್ತದೆಂದು ಆವತ್ತು ಕರೆಪ್ಪನಿಗೆ ತಿಳಿಯಿತು.

"ಏನೂ ಕೊಟ್ಟಿಲ್ಲೋ ಮಾರಾಯಾ. ಇದ್ದ ಮಗಳನ್ನ ಅಕಿ ಎದರಿಗೇ ಇಲ್ಲ ಅಂದ್ನಿ ನಾನು. ನನ್ನ ಮಾತ ಕೇಳಿ ನೀವೂ ಅಂದ್ರಿ. ತಪ್ಪ ನಂದು. ಏನ ಕೇಳಾವ್ರದೀರಿ ಕೇಳ್ರಿ, ತಿಳದಷ್ಟ ಹೇಳ್ತೀನಿ. ನಂಬಿಕಿ ಬರಲಿಲ್ಲಂದ್ರ ಖಾನಾಪುರಕ್ಕ ಹೋಗಿ ಆ ವಹಿ ನೀವ ನೋಡ್ರಿ."

ಗಂಡಸರು ಒಂದು ದಿನವೆಲ್ಲ ವಾದ ಮಾಡಿದರು. ಭರಮವ್ವ ವಾದ ಮಾಡಲಿಲ್ಲ. ಬಟ್ಟೆ ಒಗೆಯುವ ಹಳ್ಳಕ್ಕೆ ಹೋಗಿ ಹೆಂಗಸರ ನಡುವೆ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಬುಧವಾರ ಸಂಜೆಗೆ ಸಾವಂತ್ರಿಯದೂ ಸೇರಿ ಏಳು ಹೆಸರು ಆದವು. ಎಂಟನೆಯದು ಇಲ್ಲ.

ಗುರುವಾರ ಬೆಳಗ್ಗೆ ಅಪ್ಪ ಮಗಳು ಏಳೇ ಹೆಸರಿನ ಕಾಗದ ಹಿಡಿದು ಹೊರಟರು. ಊರ ಹೊರಗೆ ರಾಯಪ್ಪನ ಮಗಳು ಸಂಗವ್ವ ನಿಂತಿದ್ದಳು. ಹಿಂದೆ ರಾಯಪ್ಪ, ಮುಖ ಗಂಟು ಹಾಕಿಕೊಂಡು.

"ಆ ಕಾಗದ ತೋರಸು."

ಸಂಗವ್ವನಿಂದ ಒಂದೊಂದು ಹೆಸರೂ ಓದಿಸಿ ಕೇಳಿದ. ಕಾಗದ ತಿರುವಿ ನೋಡಿದ. "ಹಿಂದ ಏನೂ ಬರದಿಲ್ಲಲ್ಲ?"

"ಇಲ್ಲ ಕಾಕಾ," ಎಂದಳು ಸಾವಂತ್ರಿ.

"ಹಂಗಾರ ಬರಕೋ. ಸಂಗವ್ವ. ಲಗ್ನ ಆಗಿಲ್ಲ. ದಪ್ಪ ಅಕ್ಷರದಾಗ ಬರಿ."

ನಾಗರಪಂಚಮಿ ಮುಗಿದ ಮೇಲೆ ಬಸ್ಸು ಊರಿಗೆ ಬಂತು. ಎಂಟು ಹುಡುಗಿಯರು ಹತ್ತಿದರು. ಕರೆಪ್ಪ ಬಾಗಿಲಿಗೆ ಅಡ್ಡ ನಿಂತು ಕಂಡಕ್ಟರನಿಗೆ ಹೇಳಿದ: "ಎಂಟ ಮಂದಿ ಅದಾರ, ಎಣಸ್ಕೋರಿ. ಸಂಜೀಕ ಎಂಟೂ ಮಂದಿ ಇಲ್ಲೇ ಇಳೀಬೇಕು."

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ ಕಾಕಾ?"

"ಇಲ್ಲ. ಅದಕ್ಕ ಎಣಸಾಕ ಹೇಳಾಕತ್ತೀನಿ."

ಇದಾಗಿ ಆರು ವರ್ಷವಾಯಿತು. ಎಂಟು ಜನರಲ್ಲಿ ಇಬ್ಬರಿಗೆ ನಡುವೆಯೇ ಮದುವೆಯಾಯಿತು, ಒಬ್ಬಳು ಇಂಗ್ಲಿಷಿನಲ್ಲಿ ಫೇಲಾಗಿ ಎರಡು ಸಲ ಕಟ್ಟಿ ಪಾಸಾದಳು. ಸಾವಂತ್ರಿ ಬಿ.ಎ. ಮುಗಿಸಿ ಬೆಳಗಾವಿಯಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದ್ದಾಳೆ. ಆ ದಾರಿಯ ಬಸ್ಸಿನಲ್ಲಿ ಈಗ ಮೂವತ್ತು ಹುಡುಗಿಯರು ಬರುತ್ತಾರೆ, ಕೂರಲು ಜಾಗ ಸಾಲದು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮತ್ತೆ ಜೂನ್ ಬಂದಿದೆ. ವಹಿ ಹಿಡಿದವರು ನಿಮ್ಮ ಮನೆಗೂ ಬಂದಾರು. ಸಂಶಯ ಬಂದರೆ ಮುಚ್ಚಿಟ್ಟುಕೊಳ್ಳಬೇಡಿ, ಬಾಯಿಬಿಟ್ಟು ಕೇಳಿ. ನೀವು ಯಾರು, ಇದು ಯಾಕೆ, ಈ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಬರೆದದ್ದನ್ನು ಓದಿಸಿ ಕೇಳಿ. ಉತ್ತರ ಸರಿಬರದಿದ್ದರೆ ಹೇಳುವುದಿಲ್ಲ ಎಂದು ಕಳಿಸಿಬಿಡಿ, ಅದು ನಿಮ್ಮ ಹಕ್ಕು. ಆದರೆ ಮನೆಯಲ್ಲಿರುವ ಮಗಳನ್ನು ಮಾತ್ರ ಇಲ್ಲ ಎನ್ನಬೇಡಿ. ಅವಳು ಬಾಗಿಲಲ್ಲಿ ನಿಂತು ಕೇಳುತ್ತಿರುತ್ತಾಳೆ.