ಪೆಟ್ಟಿಗೆಯೊಳಗೆ ಹನ್ನೊಂದು ತೊಗರಿ ಕಾಳು

ಹೋದ ವರ್ಷ ನಮ್ಮ ಓಣಿಯಲ್ಲಿ ಮೂವರು ಬಾಣಂತಿಯರ ಹೊಲಿಗೆ ಕೀವಾಯಿತು. ದೃಷ್ಟಿ ತಾಗಿದೆ ಎಂದು ನಾವೆಲ್ಲ ಮೆಣಸಿನಕಾಯಿ ನಿವಾಳಿಸಿದೆವು. ನಾನು ಸುಟ್ಟ ಮೆಣಸಿನಕಾಯಿಯ ಘಾಟಿಗೆ ಅತ್ತ ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀನಿದನಂತೆ. ಕೀವು ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ನನ್ನ ಮೊಮ್ಮಗಳು ಭುವನೇಶ್ವರಿಗೆ ದಿನ ತುಂಬಿದವು. ಕೂಸು ಅಡ್ಡ ಮಲಗಿದೆ, ಸೋಮವಾರ ಆಪರೇಷನ್ ಎಂದು ಡಾಕ್ಟರು ಹೇಳಿದರು. ಆ ಮೂವರಿಗೂ ಹೊಲಿಗೆ ಹಾಕಿದ ಅದೇ ದವಾಖಾನೆ.

"ಆಯಿ, ನನ್ನ ಹೊಲಿಗಿನೂ ಹಂಗ ಆದ್ರ?" ಎಂದು ಹುಡುಗಿ ನನ್ನ ಕೈ ಹಿಡಿದಳು.

"ನಿನ್ನ ಹೊಲಿಗಿ ಕೆಟ್ರ ಆ ಡಾಕ್ಟರನ್ನ ಗೋಣಿಚೀಲದಾಗ ಹಾಕಿ ನಾನ ಹೊಲೀತೇನಿ, ತಗಿ," ಎಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ನೇರವಾಗಿ ದವಾಖಾನೆಗೆ ಹೋದೆ. ಒಳಗೆ ನರ್ಸ್ ಅಬಿದಾ ಸೀಮೆಎಣ್ಣೆ ಸ್ಟೋವಿನ ಮೇಲೆ ಕತ್ತರಿ, ಚಿಮಟ ಕುದಿಸುತ್ತಿದ್ದಳು.

"ಏನ ಹುಡುಗಿ, ಕತ್ತರಿ ಸಾರು ಮಾಡಾಕತ್ತೀಯೇನು? ಅದಕ್ಕಂತ ಅಷ್ಟ ದೊಡ್ಡ ಹಬಿ ಮಷೀನ್ ಐತೆಲ್ಲ?"

ಅಬಿದಾ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಮಷೀನ್ ಐತ್ರಿ ಆಯಿ, ಅದಕ್ಕ ಹಬಿ ನಿಲ್ಲೂದಿಲ್ಲ." ಬಟ್ಟೆಯ ಒಂದು ಗಂಟು ತೋರಿಸಿದಳು. ಅದಕ್ಕೆ ಒಂದು ಪಟ್ಟಿ ಅಂಟಿಸಿತ್ತು. "ಒಳಗ ಸರಿಯಾಗಿ ಕಾವು ಹತ್ತಿದ್ರ ಈ ಪಟ್ಟಿ ಮ್ಯಾಲಿನ ಗೆರಿ ಕಪ್ಪ ಆಗಬೇಕ್ರಿ. ನೋಡ್ರಿ, ಇನ್ನೂ ಹಂಗ ಬಿಳಿಚಿಕೊಂಡು ಕುಂತಾವ. ಕತ್ತರಿ ಏನೋ ಕುದಿಸ್ತೇವಿ. ಆಪರೇಷನ್ ಅರಿವಿ ಹ್ಯಾಂಗ ಕುದಿಸೂದ್ರಿ?"

"ಕುಕ್ಕರಿನ ರಬ್ಬರ್ ಹರದ್ರ ಬ್ಯಾಳಿ ಬೇಯಲಾರದಂಗ."

"ಅದನ್ನ ನೋಡ್ರಿ!"

"ಯಜಮಾನ್ರಿಗೆ ಹೇಳಬೇಕಿಲ್ಲೋ?"

"ಹೇಳಿದ್ನಿರಿ. ಹೋದ ವರ್ಷ ಸೋಲಾಪುರದಿಂದ ತಂದದ್ದು, ನಿನಗೇನ ಗೊತ್ತು ಅಂದ್ರು. ಆಮ್ಯಾಲ ನಾನೂ ಸುಮ್ಮನಾದೆ. ಮಷೀನಿನ ಪುಸ್ತಕದಾಗ ದಿನಾ 'ಸರಿ' ಅಂತ ಬರೀತೇನಿ."

"ಸರಿ ಇಲ್ಲದ್ದಕ್ಕ ಸರಿ ಅಂತ ಬರದ್ರ, ಮಷೀನ್ ಕೆಟ್ಟೈತಿ ಅಂತ ಯಜಮಾನ್ರಿಗೆ ಕನಸು ಬೀಳತೈತೇನ?"

ಅಬಿದಾ ತಲೆ ತಗ್ಗಿಸಿದಳು. ಪಾಪ, ಅವಳ ಸಂಬಳದ ಮೇಲೆಯೇ ಮನೆ ನಡೆಯುತ್ತದೆ.

ದವಾಖಾನೆ ಕಟ್ಟಿಸಿದ ಯಜಮಾನರು ಬಸಂತರಾಯ. ಅವರ ತಾಯಿ ನನ್ನ ಗೆಳತಿ. ಎರಡನೆಯ ಹೆರಿಗೆಗೆ ಬಂಡಿಯಲ್ಲಿ ವಿಜಾಪುರಕ್ಕೆ ಹೋಗುವಾಗ ದಾರಿಯಲ್ಲೇ ಜೀವ ಬಿಟ್ಟಳು. ಅದಕ್ಕೇ ಈತ ಊರಿನಲ್ಲಿ ದವಾಖಾನೆ ಕಟ್ಟಿಸಿದ. ಬಾಗಿಲಲ್ಲಿ 'ಗುಣಮಟ್ಟವೇ ನಮ್ಮ ಉಸಿರು' ಎಂಬ ಬೋರ್ಡು. ಆ ಬೋರ್ಡು ನಮ್ಮ ಹೊಲಕ್ಕಿಂತ ಅಗಲವಿದೆ.

ಆಫೀಸಿಗೆ ಹೋಗಿ ಮಷೀನಿನ ಮಾತು ತೆಗೆದೆ. ಬಸಂತರಾಯ ನಕ್ಕರು.

"ಚಿಗವ್ವ, ನಮ್ಮ ದವಾಖಾನಿ ಗುಣಮಟ್ಟ ಹತ್ತಕ್ಕ ಹತ್ತು ಐತಿ. ಪುಸ್ತಕದಾಗ ಎಲ್ಲಾ ಸರಿ ಐತಿ. ದೂರಿನ ಪೆಟ್ಟಗಿ ಇಟ್ಟೇನಿ, ವರ್ಷಾತು, ಒಂದ ಚೀಟಿ ಬಿದ್ದಿಲ್ಲ. ನೋಡು ಬೇಕಾದ್ರ."

ಪೆಟ್ಟಿಗೆ ತೆರೆದರು. ಒಂದು ಬಸ್ ಟಿಕೆಟು, ಒಂದು ಹಲ್ಲಿ. ಹಲ್ಲಿ ಇವರ ಮುಖ ನೋಡಿ ಓಡಿಹೋಯಿತು.

"ಬಸಂತಾ, ನಿನ್ನ ಆಯಾಗೋಳಿಗೆ ಬರಿಯಾಕ ಬರೂದಿಲ್ಲ. ಬರಿಯಾಕ ಬರೂವರ ಅಕ್ಷರ ನಿನಗ ಗುರುತ ಸಿಗತಾವ. ಚೀಟಿ ಯಾರು ಹಾಕ್ತಾರು, ಹಲ್ಲಿ ಹಾಕಬೇಕಷ್ಟ."

ನಾನು ಮನೆಗೆ ಹೋಗಿ ಒಂದು ತಂಬಿಗೆ, ಎರಡು ಬೊಗಸೆ ಕಾಳು ತಂದೆ. ಒಂದು ಬಿಳಿಜೋಳ, ಒಂದು ತೊಗರಿ.

"ಇಲ್ಲಿ ಕೆಲಸ ಸರಿ ನಡದೈತಿ ಅನ್ನೂವರು ಒಂದು ಜೋಳ ಹಾಕ್ಲಿ. ಸರಿ ಇಲ್ಲ ಅನ್ನೂವರು ಒಂದು ತೊಗರಿ. ಹೆಸರೂ ಬ್ಯಾಡ, ಅಕ್ಷರನೂ ಬ್ಯಾಡ. ಆಫೀಸಿನವರು ಈ ತಂಬಗ್ಯಾಗ ಹಾಕ್ರಿ, ಉಳಿದವರು ಪೆಟ್ಟಗ್ಯಾಗ."

"ಆಡ್ಸು ಚಿಗವ್ವ, ಆಟ ಆಡ್ಸು," ಎಂದು ಬಸಂತರಾಯ ಒಂದು ಜೋಳ ಎತ್ತಿಕೊಂಡರು.

ಮರುದಿನ ಬೆಳಿಗ್ಗೆ ಎಲ್ಲರ ಎದುರಿಗೆ ಮೇಜಿನ ಮೇಲೆ ಸುರಿದೆವು. ಆಫೀಸಿನ ತಂಬಿಗೆಯಲ್ಲಿ ನಾಲ್ಕು ಕಾಳು, ನಾಲ್ಕೂ ಜೋಳ. ಕೆಲಸದವರ ಪೆಟ್ಟಿಗೆಯಲ್ಲಿ ಹನ್ನೆರಡು ಕಾಳು. ಹನ್ನೊಂದು ತೊಗರಿ, ಒಂದೇ ಜೋಳ.

"ಆ ಜೋಳ ನಂದ್ರಿ," ಎಂದು ಕಾವಲುಗಾರ ಕುತುಬುದ್ದೀನ ಕೈ ಎತ್ತಿದ. "ಊಟಕ್ಕ ಏನ ಬೇಕು ಅಂತ ಕೇಳಾಕತ್ತೀರಿ ಅಂತ ತಿಳಕೊಂಡಿದ್ನಿರಿ. ನಂದೂ ತೊಗರಿನ ಹಿಡೀರಿ."

ಎಲ್ಲರೂ ನಕ್ಕರು. ಬಸಂತರಾಯ ನಗಲಿಲ್ಲ. ಜೋಳದ ನಾಲ್ಕು ಕಾಳುಗಳನ್ನೇ ನೋಡುತ್ತ ಕುಳಿತರು.

"ಇಷ್ಟ ಮಂದಿಗೆ ಗೊತ್ತಿತ್ತು. ನನಗ ಯಾಕ ಒಬ್ಬರೂ ಹೇಳಲಿಲ್ಲ?"

ಮೂಲೆಯಿಂದ ಆಯಾ ಶಂಕ್ರೆವ್ವ ಎಂದಳು: "ಹೇಳಿದವರು ಯಾರು ಅಂತ ಕೇಳ್ತೀರಿ ಸಾಹೇಬ್ರ. ಹೇಳಿದ್ದು ಏನು ಅಂತ ಕೇಳೂದಿಲ್ರಿ."

ಅಬಿದಾ ಎದ್ದು ಬಂದಳು. ಪಟ್ಟಿ ಬಿಳಿಚಿದ ಗಂಟನ್ನೂ 'ಸರಿ' ತುಂಬಿದ ಪುಸ್ತಕವನ್ನೂ ಮೇಜಿನ ಮೇಲಿಟ್ಟಳು. "ನನ್ನದೂ ತಪ್ಪೈತ್ರಿ. ಸರಿ ಇಲ್ಲದಾಗೂ ಸರಿ ಅಂತ ಬರದೇನಿ."

ಬಸಂತರಾಯ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ನಮ್ಮವ್ವನ ನೆನಪಿಗೆ ಕಟ್ಟಿಸಿದ ದವಾಖಾನ್ಯಾಗ ಮೂರು ಮಂದಿ ಬಾಣಂತ್ಯಾರು ನರಳಿದ್ರು," ಎಂದರು. ಆತ ಸುಳ್ಳು ಹೇಳುವವನಲ್ಲ. ಎಲ್ಲ ಸರಿಯಿದೆ ಎಂದೇ ನಂಬಿದ್ದ.

ವಿಜಾಪುರದಿಂದ ಮೆಕ್ಯಾನಿಕ್ ಬಂದ. ಮಷೀನಿನ ಮುಚ್ಚಳದ ರಬ್ಬರ್ ನನ್ನ ಹಳೆಯ ಚಪ್ಪಲಿಯ ಹಾಗೆ ಹರಿದಿತ್ತು. ಹೊಸದು ಹಾಕಿದ. ಎರಡು ದಿನ ತಡೆದರೆ ಕೂಸಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಸೋಮವಾರದ ಆಪರೇಷನ್ ಬುಧವಾರಕ್ಕೆ ಹೋಯಿತು.

ಬುಧವಾರ ಅಬಿದಾ ಗಂಟು ಹಿಡಿದು ಹೊರಗೆ ಬಂದು ನನ್ನ ಮೂಗಿನ ಮುಂದೆ ಹಿಡಿದಳು. "ನೋಡ್ರಿ ಆಯಿ, ಕಾಡಿಗಿ ಹಚ್ಚಿದಂಗ ಕಪ್ಪ!"

ಹೆಣ್ಣು ಕೂಸು. ಅತ್ತರೆ ಮುದ್ದೇಬಿಹಾಳದವರೆಗೆ ಕೇಳುತ್ತದೆ. ಭುವನೇಶ್ವರಿಯ ಹೊಲಿಗೆ ಎಂಟನೆಯ ದಿನಕ್ಕೆ ಒಣಗಿತು. ಆ ಮೂವರು ಬಾಣಂತಿಯರ ಮನೆಗೂ ಬಸಂತರಾಯ ತಾವೇ ಹೋಗಿ ತಪ್ಪು ಒಪ್ಪಿಕೊಂಡು, ಗಾಯ ಮಾಯುವವರೆಗೆ ಔಷಧ ಮಾಡಿಸಿದರು.

ಈಗ ಆ ಪುಸ್ತಕದಲ್ಲಿ 'ಸರಿ ಇಲ್ಲ' ಎಂದೂ ಬರೆಯುತ್ತಾರೆ. ಮೊದಲ ಸಲ ಬರೆದ ಅಬಿದಾಳನ್ನು ಬಸಂತರಾಯ ಕರೆದು ಕೂಡಿಸಿ ಚಹಾ ಕೊಟ್ಟರು. ಶನಿವಾರಕ್ಕೊಮ್ಮೆ ಯಜಮಾನರೂ ಆಯಾಗಳೂ ಒಂದೇ ಜಮಖಾನೆಯ ಮೇಲೆ ಕುಳಿತು ಕಾಳು ಎಣಿಸುತ್ತಾರೆ. ತೊಗರಿ ಬಂದರೆ ಯಾರು ಹಾಕಿದರು ಎಂದು ಕೇಳುವುದಿಲ್ಲ, ಏನು ಕೆಟ್ಟಿದೆ ಎಂದು ಹುಡುಕುತ್ತಾರೆ.

ನಮ್ಮ ಮಹಿಳಾ ಸಂಘದ ಅಕ್ಕತಂಗಿಯರೇ, ನಿಮ್ಮ ಮಗಳನ್ನೋ ಸೊಸೆಯನ್ನೋ ಆಪರೇಷನ್ನಿಗೆ ಕರೆದುಕೊಂಡು ಹೋದಾಗ ನಾಚಬೇಡಿ, "ಪಟ್ಟಿ ಕಪ್ಪಾಗೈತೇನವ್ವಾ?" ಎಂದು ಕೇಳಿ. ದವಾಖಾನೆಯಲ್ಲಿ ದುಡಿಯುವವರೇ, ಕೆಟ್ಟದ್ದನ್ನು ಕೆಟ್ಟಿದೆ ಎಂದೇ ಬರೆಯಿರಿ. ದವಾಖಾನೆ ನಡೆಸುವ ಯಜಮಾನರೇ, ಪೆಟ್ಟಿಗೆ ಖಾಲಿ ಇದೆ ಎಂದು ಹಿಗ್ಗಬೇಡಿ. ಕೆಳಗಿಳಿದು ಬಂದು ಕೇಳಿ, ಹೇಳಿದವರನ್ನು ಕಾಪಾಡಿ.

ಕಾಳು ಬೇಕಾದರೆ ನಮ್ಮ ಮನೆಗೆ ಬನ್ನಿ. ಜೋಳವೂ ಇದೆ, ತೊಗರಿಯೂ ಇದೆ. ತೊಗರಿ ಹಾಕಲು ಹೆದರುವವರ ಕೈ ಹಿಡಿದು ನಾನೇ ಹಾಕಿಸುತ್ತೇನೆ.