ಸತ್ತವರ ಹೆಸರು ಬರೆಸಿದ ಓಣಿ

ನೆನೆಹಾಕಿದ ಹುಣಸೆ ಬೀಜವನ್ನು ಅತ್ತೆ ಒರಳಿನಲ್ಲಿ ರುಬ್ಬುತ್ತಿದ್ದರು. ನಾನು ಎದುರಿಗೆ ಕುಳಿತು ಬೀಜ ಒಳಗೆ ತಳ್ಳುತ್ತಿದ್ದೆ. ಕಟ್ಟಿಗೆಯ ಗೊಂಬೆಗೆ ಬಣ್ಣ ಹಚ್ಚುವ ಮೊದಲು ಅರಿವೆ ಅಂಟಿಸಲು ಈ ಅಂಟು ಬೇಕು.

ಬಾಗಿಲಲ್ಲಿ ಮುನಸಿಪಾಲಿಟಿಯ ಕಾರಕೂನರು ಬಂದು ನಿಂತರು. ಕೈಯಲ್ಲಿ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು.

"ಈ ಮನಿಪಟ್ಟಿ ತೆರಿಗಿ ಯಾರ ಕಟ್ಟತೀರಿ?"

"ನಾನ."

"ಹೆಸರ ಹೇಳ್ರಿ."

ಅತ್ತೆ ಗುಂಡು ನಿಲ್ಲಿಸಲಿಲ್ಲ. "ಉದ್ದವ್ವ" ಎಂದರು.

ನಾನು ತಲೆ ಎತ್ತಲಿಲ್ಲ. ನನ್ನ ಅತ್ತೆಯ ಹೆಸರು ಶೆಟ್ಟೆವ್ವ. ಉದ್ದವ್ವ ಎಂಬುವರು ಅವರ ಅತ್ತೆ. ಪ್ಲೇಗಿನ ವರ್ಷ ತೀರಿಕೊಂಡವರು. ಮೂವತ್ತು ವರ್ಷದ ಮೇಲಾಯಿತು.

ಆ ವರ್ಷವೂ ಹೀಗೇ ಪೆನ್ಸಿಲು ಹಿಡಿದವರು ಬಂದಿದ್ದರಂತೆ. ಹೆಸರು ಬರೆಸಿದವರನ್ನು ಮರುದಿನ ಊರ ಹೊರಗಿನ ಹುಲ್ಲಿನ ಗುಡಿಸಲಿಗೆ ಕಳಿಸಿದರಂತೆ. ರೋಗ ಹೋಗಲಿ, ಬಿಸಿಲು ಬೀಳಲಿ ಎಂದು ಮನೆಯ ಹಂಚು ತೆಗೆಸಿದರಂತೆ. ಅಂದಿನಿಂದ ನಮ್ಮ ಗೊಂಬೆ ಮಾಡುವ ಓಣಿಯಲ್ಲಿ ಒಂದು ಪಾಠ ಉಳಿಯಿತು. ಸರಕಾರದವರು ಹೆಸರು ಕೇಳಿದರೆ ಸತ್ತವರ ಹೆಸರು ಹೇಳಬೇಕು. ಸತ್ತವರನ್ನು ಯಾರೂ ಎಲ್ಲಿಗೂ ಒಯ್ಯಲಾರರು. ಓಣಿಯಲ್ಲಿ ಏಳು ಮನೆಗಳಿಗೆ ವಿಧವೆಯರೇ ಯಜಮಾನಿಯರು. ಆ ದಿನ ಕಾರಕೂನರು ಏಳು ಜನ ಸತ್ತ ಹೆಂಗಸರನ್ನು ಬರೆದುಕೊಂಡು ಹೋದರು.

ಎಂಟು ದಿನ ಕಳೆದ ಮೇಲೆ ಜಿನ್ನವ್ವ ಬಂದರು. ಬಜಾರಿನ ವ್ಯಾಪಾರಸ್ಥರ ಮನೆಯವರು. ಮರಾಠಿ, ಕನ್ನಡ ಎರಡೂ ಪತ್ರಿಕೆ ಓದುವವರು.

"ಅಕ್ಕಾ, ಹೆಸರ ಬರಸಿದ್ರಿಲ್ಲ?"

"ಬರಸೇನಿ. ಯಾಕ?"

"ಹೊಸ ಕಾಯದೆ ಬಂದೈತಿ. ಹಿಂದ ಊರ ಸಭಾದಾಗ ಕೆಲವರನ್ನ ಸರಕಾರನ ಕುಂಡರಸತಿತ್ತು. ಅವರನ್ನ ಕೇಳವ್ರ ಇದ್ದಿಲ್ಲ. ಇನ್ನ ಮ್ಯಾಲ ಎಲ್ಲಾರೂ ಮತ ತಗೊಂಡ ಕುಂಡರಬೇಕು. ಮನಿಪಟ್ಟಿ ಕಟ್ಟೊ ಹೆಂಗಸರ ಮತಾನೂ ಅದರಾಗ ಬಂತು."

"ನಮ್ಮ ಮತ ತಗೊಂಡ ಸರಕಾರಕ್ಕ ಏನಾಗೂದೈತಿ? ತೆರಿಗಿ ಏರಸಾಕ ಹೆಸರ ಬರಕೊಂಡಿರತಾರ."

"ತೆರಿಗಿ ಏರಸಾಕ ಹೆಸರ ಯಾಕ ಬೇಕ್ರಿ? ಮನಿ ಕಂಡರ ಸಾಲದ? ನದಿ ಪಾವಟಿಗಿ ಮಾತ ಮರತ್ರೇನು?"

ನಮ್ಮ ಓಣಿಯ ಹಿಂದೆಯೇ ಘಟಪ್ರಭೆಗೆ ಇಳಿಯುವ ಪಾವಟಿಗೆಗಳಿವೆ. ಓಣಿ ಕುಡಿಯುವುದು ಆ ನೀರನ್ನೇ. ಸರಕಾರ ನೇಮಿಸಿದ ಸಭಾಸದರಾದ ತಾತ್ಯಾಸಾಹೇಬರು ಆ ಜಾಗವನ್ನು ತಮ್ಮ ಅರಳೆ ತುಂಬಿಡುವ ವಖಾರಿಗೆ ಕೇಳಿದ್ದರು. ಅಲ್ಲಿ ಗೋಡೆ ಎದ್ದರೆ ಹೆಂಗಸರು ಕೊಡ ಹೊತ್ತು ಬಜಾರ ಸುತ್ತಿ ಬರಬೇಕು. ಗೋಡೆ ಕಟ್ಟಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಹೊಸ ಸಭೆ. ಈಗ ತಾತ್ಯಾಸಾಹೇಬರೂ ಮತ ಕೇಳಲು ನಿಂತಿದ್ದರು. ಪಾವಟಿಗೆ ಬಿಡಬಾರದು ಎನ್ನುವ ವೀರಪ್ಪ ಮಾಸ್ತರರು ಅವರ ಎದುರಿಗೆ ನಿಂತಿದ್ದರು.

ಅತ್ತೆ ಕಣ್ಣು ಸಣ್ಣದು ಮಾಡಿ ಕೇಳಿದರು. "ತಾತ್ಯಾಸಾಹೇಬರು ನಿಮಗ ಬೀಗರಾಗಬೇಕಲ್ಲ? ಅವರ ಮಾತ ನಮ್ಮ ಮುಂದ ಬಂದ ಹೇಳತಿ. ನಿನಗೇನ ಲಾಭ?"

ಜಿನ್ನವ್ವ ನಕ್ಕರು. "ಬೀಗರಾದ್ರ ಅವರೇನ ನಮ್ಮ ಮನಿಗೆ ನೀರ ಹೊತ್ತ ಹಾಕತಾರೇನ್ರಿ? ನಮ್ಮ ಕೊಡಾನೂ ಅಲ್ಲೇ ತುಂಬತೈತಿ."

ಅತ್ತೆಗೂ ನಗು ಬಂತು. "ಹಂಗಾರ ನಮ್ಮ ಮನಿ ಮತ ಉದ್ದವ್ವ ಹಾಕತಾಳ ಬಿಡು. ಆಕಿನ್ನ ಎಬಿಸಿ ಕಳಸತೇನಿ."

ಜಿನ್ನವ್ವನ ನಗು ನಿಂತಿತು. "ಯಾರ ಹೆಸರ ಬರಸೀರಿ?"

ಅತ್ತೆ ಹೇಳಿದರು. ಓಣಿಯವರೆಲ್ಲ ಹಾಗೆಯೇ ಮಾಡಿದ್ದನ್ನೂ ಹೇಳಿದರು.

"ಅಕ್ಕಾ, ಸತ್ತಾಕಿ ಬರೂದಿಲ್ಲ ಖರೆ. ಆಕಿ ಹೆಸರಿಲೆ ಯಾರಾರ ಬಂದ್ರ? ಸೆರಗ ಮುಖದ ಮ್ಯಾಲ ಎಳಕೊಂಡ ಬಂದ್ರ ಗುರತ ಹಿಡಿಯವ್ರ ಯಾರು? ಈ ಭಾಗದಾಗ ಇರೂ ಮತಾನ ಸ್ವಲ್ಪ. ಏಳು ಅಂದ್ರ ಭಾಳ ಆತು."

ನಾನು ಹಿರಿಯರ ನಡುವೆ ಮಾತಾಡುವವಳಲ್ಲ. ಆದರೆ ಎರಡು ದಿನದ ಹಿಂದೆ ಕಂಡದ್ದನ್ನು ಈಗ ಹೇಳಲೇಬೇಕಾಯಿತು. "ಅತ್ತಿ, ಕಚೇರಿ ಗ್ವಾಡಿಗೆ ಮತ ಹಾಕವ್ರ ಹೆಸರಿನ ಪಟ್ಟಿ ಹಚ್ಯಾರ. ತಾತ್ಯಾಸಾಹೇಬರ ಗುಮಾಸ್ತ ಅದರ ಮುಂದ ನಿಂತ ಬರಕೊಳ್ಳಾಕತ್ತಿದ್ದ. ನಮ್ಮ ಓಣಿ ಹೆಸರ ಅಷ್ಟ ಬರಕೊಂಡ ಹೋದ" ಎಂದೆ.

"ಮೊದಲ ಯಾಕ ಹೇಳಲಿಲ್ಲ?"

ಅತ್ತೆ ಹಾಗೆ ಕೇಳುತ್ತಲೇ ಕೈ ತೊಳೆದು ಸೆರಗು ಹೊದ್ದುಕೊಂಡರು. ಜಿನ್ನವ್ವನೂ ನಮ್ಮ ಜೋಡಿ ಹೊರಟರು.

ಕಚೇರಿಯ ಗೋಡೆಯ ಮುಂದೆ ನಿಂತು ನಾನು ಮೆಲ್ಲಗೆ ಓದಿದೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದರೂ ಅಕ್ಷರ ಮರೆತಿರಲಿಲ್ಲ. ಏಳೂ ಹೆಸರು ಅಲ್ಲಿದ್ದವು. ಒಬ್ಬರೂ ಬದುಕಿಲ್ಲ. ಕೆಳಗೆ ಬರೆದಿತ್ತು: ತಪ್ಪಿದ್ದರೆ ಶನಿವಾರದೊಳಗೆ ಅರ್ಜಿ ಕೊಡಬೇಕು, ಹೆಸರಿನವರು ತಾವೇ ಬರಬೇಕು.

ಒಳಗೆ ಹೋಗುವಾಗ ಅತ್ತೆ ನನ್ನನ್ನು ಹತ್ತಿರ ಎಳೆದುಕೊಂಡರು. "ಸುಳ್ಳ ಹೇಳಿದ್ದಕ್ಕ ಹಿಡದ ಕುಂಡರಸಿದ್ರ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಆದರೂ ಕಾರಕೂನರ ಎದುರು ನಿಂತು, "ಅವತ್ತ ನಾ ನಮ್ಮತ್ತಿ ಹೆಸರ ಹೇಳೇನ್ರಿ. ಆಕಿ ಸತ್ತಾಳ. ನಾ ಶೆಟ್ಟೆವ್ವ. ಆಕಿನ್ನ ತಗದ ನನ್ನ ಬರೀರಿ" ಎಂದರು.

ಕಾರಕೂನರು ಅರ್ಜಿಯ ಹಾಳೆ ತೆಗೆದರು. "ಗಂಡನ ಹೆಸರ?"

ಅತ್ತೆ ಜಿನ್ನವ್ವನ ಕಡೆ ತಿರುಗಿದರು. ಗಂಡನ ಹೆಸರು ಅವರ ಬಾಯಲ್ಲಿ ಎಂದೂ ಬಂದಿಲ್ಲ. ಜಿನ್ನವ್ವನೇ "ರಾಚಪ್ಪ" ಎಂದರು. ಕಾರಕೂನರು ಬರೆದು ಹೆಬ್ಬೆರಳು ಒತ್ತಿಸಿಕೊಂಡರು.

"ಏನ ಬರದ್ರಿ, ಓದ್ರಿ."

ಓದಿದರು.

"ಇನ್ನೊಮ್ಮೆ ಓದ್ರಿ."

"ನನ್ನ ಮ್ಯಾಲ ನಂಬಿಕಿ ಇಲ್ಲೇನವ್ವಾ?"

"ಇಲ್ಲರಿ" ಎಂದರು ಅತ್ತೆ. "ಕಾಶೆವ್ವಾ, ನೀ ಓದು." ನಾನು ಓದಿದೆ. ಸರಿಯಾಗಿತ್ತು.

ಅಕ್ಕಂದಿರೇ, ಅವ್ವಂದಿರೇ, ಅಂಜಿಕೆ ಪಡಬೇಡಿ ಎಂದು ನಾನು ಹೇಳುವುದಿಲ್ಲ. ಸಂಶಯ ಇರಲಿ. ಆದರೆ ಸಂಶಯ ಬಂದವರು ಬಾಗಿಲು ಹಾಕಿಕೊಳ್ಳಬೇಡಿ, ಗೋಡೆಯ ತನಕ ಹೋಗಿ ಪಟ್ಟಿ ನೋಡಿರಿ. ನಿಮ್ಮ ಹೆಸರು ನೀವೇ ಹೇಳಿರಿ. ಬರೆದದ್ದನ್ನು ಓದಿಸಿ ಕೇಳಿರಿ. ಓದು ಬಲ್ಲವರು ಬಾಜೂ ಮನೆಯವರಿಗೂ ಓದಿ ಹೇಳಿರಿ. ನನ್ನಂತೆ ಎರಡು ದಿನ ಬಾಯಿ ಕಟ್ಟಿಕೊಂಡು ಕೂರಬೇಡಿ. ನಮ್ಮ ಗೋಕಾಕ ಇರಲಿ, ಬೇರೆ ಊರಿರಲಿ, ನೀವು ಬರೆಸಿದ ಸುಳ್ಳು ಹೆಸರನ್ನು ಮತ್ತೊಬ್ಬರು ತಮ್ಮ ಕೆಲಸಕ್ಕೆ ಬಳಸುತ್ತಾರೆ.

ನಮ್ಮ ಓಣಿಯಲ್ಲಿ ತಿದ್ದಿಸಬೇಕಾದ ಆರು ಹೆಸರು ಇನ್ನೂ ಉಳಿದಿದ್ದವು. ಶುಕ್ರವಾರ ಸಂಜೆ ಹೆಂಗಸರೆಲ್ಲ ಕೊಡ ತುಂಬಿಕೊಂಡು ಪಾವಟಿಗೆ ಹತ್ತುವಾಗ ಅತ್ತೆ ಮೇಲಿನ ಪಾವಟಿಗೆಯ ಮೇಲೆ ನಿಂತರು. ನಡೆದದ್ದನ್ನೆಲ್ಲ ಹೇಳಿ, ಕಡೆಗೆ ಅಂದರು:

"ನಾಳೆ ಒಂದ ದಿನ ಉಳದೈತಿ. ಮುಂಜಾನೆ ನನ್ನ ಜೋಡಿ ಕಚೇರಿಗೆ ಬರ್ರಿ."

ಕೆಳಗಿನ ಪಾವಟಿಗೆಯಲ್ಲಿದ್ದ ಒಬ್ಬರು ಕೊಡ ಇಳಿಸಿ, "ಎಷ್ಟೊತ್ತಿಗೆ ಬರಬೇಕ್ರಿ?" ಎಂದು ಕೇಳಿದರು.