ಕೆಂಪು ಚುಕ್ಕೆಯ ಮುಚ್ಚಳ

ಗಾಜಿನ ಬಾಟಲಿಯಲ್ಲಿ ಮತ್ತೆ ಅದೇ ಗೆರೆ, ಮೇಲೆ ಹಳದಿ ಡೀಸೆಲ್, ಕೆಳಗೆ ನೀರು, ನಡುವೆ ಸ್ಕೇಲಿಟ್ಟು ಎಳೆದ ಹಾಗೆ — ಇರಲಿ, ನೀರು ತಾನೇ, ನನ್ನ ಮುಂದೆ ಇದರ ಆಟ ನಡೆಯುವುದಿಲ್ಲ, ಅಪ್ಪ ಹೋದಮೇಲೆ ಈ ದೋಣಿ ನಡೆಸಿದವಳು ನಾನು, ಎಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳಬಲ್ಲೆ, ಬೆಳಿಗ್ಗೆ ಕೆಮ್ಮಿ ಕೆಮ್ಮಿ ನಿಂತಾಗಲೇ ಗೊತ್ತಾಯಿತು ಡೀಸೆಲ್ಲಿಗೆ ನೀರು ಸೇರಿದೆಯೆಂದು. ಮಧ್ಯಾಹ್ನಕ್ಕೆ ತಮ್ಮ ಬರುತ್ತಾನೆ, ಅಷ್ಟರಲ್ಲಿ ಇದು ಓಡಬೇಕು, ಓಡುತ್ತದೆ, ಅಮ್ಮನನ್ನೂ ಅವನನ್ನೂ ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿಬಂದರೆ ಅವನ ಬಾಯಿ ತಾನಾಗಿ ಮುಚ್ಚುತ್ತದೆ — ಫೋನಿನಲ್ಲಿ ಏನಂದ, ಅಕ್ಕಾ, ಅಮ್ಮಂಗೆ ಮರೆವು ಜಾಸ್ತಿ ಆಗಿದೆ, ದೋಣೀಲಿ ಇಟ್ಕೊಂಡು ಏನ್ ಮಾಡ್ತೀಯ, ನಮ್ಮನೇಲಿ ರೂಮು ರೆಡಿ ಇದೆ, ಬಂದು ನೋಡ್ತೀನಿ, ಸರಿಯಿಲ್ಲ ಅಂದ್ರೆ ಅವತ್ತೇ ಕರ್ಕೊಂಡ್ ಹೋಗ್ತೀನಿ. ಹೋಗುತ್ತಾನಂತೆ, ಐದನೇ ಮಹಡಿಗೆ, ಅಲ್ಲಿ ಅಮ್ಮ ಕಿಟಕಿ ಹಿಡಿದು ಏನು ನೋಡುವುದು, ಎದುರುಮನೆಯವರ ಒಗೆದ ಬಟ್ಟೆಯನ್ನೇ? ಅವಳು ಮದುವೆಯಾಗಿ ಬಂದದ್ದೇ ಈ ದೋಣಿಗೆ, ನಾವಿಬ್ಬರೂ ಅಂಬೆಗಾಲಿಟ್ಟದ್ದು ಈ ಹಲಗೆಗಳ ಮೇಲೆ, ನೀರಿಗೆ ಬಿದ್ದಾವೆಂದು ನಮ್ಮ ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿ ಅಡುಗೆ ಮಾಡುತ್ತಿದ್ದಳು. ಹೆಸರು ಮರೆಯುತ್ತಾಳೆ, ಹೌದು, ಮೊನ್ನೆ ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದಳು, ಅದಕ್ಕೇನಂತೆ, ತಮ್ಮನೂ ತನ್ನ ಮದುವೆಯ ದಿನವನ್ನೇ ಮರೆತು ಹೆಂಡತಿಯ ಕೈಲಿ ಮಂಗಳಾರತಿ ಮಾಡಿಸಿಕೊಳ್ಳಲಿಲ್ಲವೇ. ಅಮ್ಮನನ್ನು ನಾನು ಬಿಟ್ಟುಕೊಡುವುದಿಲ್ಲ, ಅಷ್ಟೇ.

ಟ್ಯಾಂಕಿನ ತಳದ ನಲ್ಲಿ ತಿರುಗಿಸಿದೆ, ಬಕೆಟ್ಟಿಗೆ ಸುರಿಯುತ್ತಲೇ ಇದೆ, ಇಷ್ಟೊಂದು ನೀರು ಎಲ್ಲಿಂದ — ತಂಪಿಗೆ ಟ್ಯಾಂಕಿನೊಳಗೆ ಬೆವರುವುದು ಹೆಚ್ಚೆಂದರೆ ಒಂದು ಲೋಟ, ಮುಚ್ಚಳದ ರಬ್ಬರ್ ಉಂಗುರ ಹೊಸದು, ನಾನೇ ಹಾಕಿದ್ದು, ಡೀಸೆಲ್ ಮಾರುವವನ ಬೆವರಿಳಿಸೋಣವೆಂದರೆ ಪಕ್ಕದ ದೋಣಿಯವನೂ ಅಲ್ಲೇ ತುಂಬಿಸಿಕೊಂಡು ಡಬಡಬ ಅಂತ ಹೋಗಿಯೇಬಿಟ್ಟ. ತಳದ ನೀರನ್ನು ಬೆರಳಿಗೆ ತಾಗಿಸಿ ನಾಲಿಗೆಗೆ ಹಚ್ಚಿದೆ, ಥೂ, ಡೀಸೆಲ್ ವಾಸನೆ, ಆದರೆ ಉಪ್ಪಿಲ್ಲ, ದೋಣಿಯ ಸುತ್ತ ಬರೀ ಉಪ್ಪುನೀರು, ಇದರಲ್ಲಿ ಮಾತ್ರ ಉಪ್ಪಿಲ್ಲ, ಇದು ಕುಡಿಯುವ ನೀರು. ಮೇಲೆ ಅಮ್ಮನ ಹೆಜ್ಜೆ ಸದ್ದು. ಮಗಾ, ನೀರು ತುಂಬಿಸ್ಬಿಟ್ಟೆ ಕಣೇ, ನಿನಗ್ಯಾಕೆ ತೊಂದ್ರೆ ಅಂತ. ಜಗ್ ಹಿಡಿದು ಕಟ್ಟೆಯ ನಲ್ಲಿಗೂ ದೋಣಿಗೂ ಓಡಾಡುವುದು ಅವಳ ಬೆಳಗಿನ ಕೆಲಸ, ಮೇಲ್ಹಲಗೆಯಲ್ಲಿ ಎರಡು ಹಿತ್ತಾಳೆ ಮುಚ್ಚಳ, ಅವಳಿಜವಳಿ, ಎಡಗಡೆಯದು ಕುಡಿಯುವ ನೀರಿಗೆ, ಬಲಗಡೆಯದು ಡೀಸೆಲ್ಲಿಗೆ, ಗುರುತಿಗೆಂದು ಅಪ್ಪ ಅಮ್ಮನ ಉಗುರುಬಣ್ಣ ಕದ್ದು ಡೀಸೆಲ್ ಮುಚ್ಚಳಕ್ಕೆ ಕೆಂಪು ಚುಕ್ಕೆಯಿಟ್ಟಿದ್ದ, ಇದ್ದಿದ್ದೊಂದು ಬಾಟ್ಲಿ, ಅದೂ ನಿಮ್ಮ ದೋಣಿಗೇ ಬೇಕಿತ್ತಾ, ಅಂತ ವಾರವೆಲ್ಲ ಬೈದವಳು, ಆಮೇಲೆ ಚುಕ್ಕೆ ಮಾಸಿದಾಗಲೆಲ್ಲ ತಾನೇ ಕೂತು ಬಣ್ಣ ಹಚ್ಚಿದವಳು, ಆ ಅಮ್ಮ. ಆಯಿತು, ಒಂದು ದಿನ ಕೈ ತಪ್ಪಿತು, ಅತ್ತು ಕೂರುವ ವಿಷಯವಲ್ಲ, ನಾಳೆಯೇ ಆ ಮುಚ್ಚಳಕ್ಕೆ ಬೀಗ, ಬೀಗದ ಕೈ ನನ್ನ ಕೊರಳಿಗೆ.

ಹೊಸ ಫಿಲ್ಟರ್ ಕೂರಿಸಿದೆ, ಪೈಪಿನ ಗಾಳಿ ಹೊರಹೋಗಲೆಂದು ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಿದ್ದೇನೆ, ಗುಳುಗುಳು ಅಂತ ಗಾಳಿ, ನೊರೆ, ಮತ್ತೆ ಗಾಳಿ, ಬಾ ತಾಯಿ ಬಾ, ಈಗ ಗುಳ್ಳೆಯಿಲ್ಲದ ಡೀಸೆಲ್, ಬಾಟಲಿಯಲ್ಲಿ ಗೆರೆಯೇ ಇಲ್ಲ, ಕೀಲಿ ತಿರುಗಿಸಿದರೆ ಮೊದಲು ಕೆಮ್ಮು, ಆಮೇಲೆ ಒಂದೇ ಸಮನೆ ಡಬಡಬ. ಹೇಳಲಿಲ್ಲವೇ ನಾನು. ಕೈ ಒರೆಸಿಕೊಂಡು ಮೇಲೆ ಹತ್ತಿದರೆ ತಮ್ಮ ಬಂದಾಗಿದೆ, ಅಮ್ಮ ಅವನ ಗಲ್ಲ ಸವರಿ ಬಾರೋ ಗುಂಡಣ್ಣಾ ಅಂದಳಂತೆ, ಗುರುತು ಹಿಡಿದಳಲ್ಲ ಎಂದು ಅವನ ಮುಖವೆಲ್ಲ ನಗು, ಏನಕ್ಕಾ, ಏನಾಗಿತ್ತು ಎಂಜಿನ್ನಿಗೆ, ಏನಿಲ್ಲ ಕಣೋ, ಮುಚ್ಚಳದ ರಬ್ಬರ್ ಸವೆದಿತ್ತು, ನೀರಿಳಿದಿತ್ತು — ನನ್ನ ದನಿ ಒಂದಿಷ್ಟೂ ನಡುಗಲಿಲ್ಲ — ಅವನು ನಿಟ್ಟುಸಿರಿಟ್ಟ, ಸರಿ ಬಿಡು, ಚೆನ್ನಾಗೇ ಇದ್ದಾಳೆ, ಅಮ್ಮ ಇಲ್ಲೇ ಇರ್ಲಿ. ಗೆದ್ದೆ, ಗೆದ್ದೆ ಅಪ್ಪಾ, ಇನ್ನು ಹಗ್ಗ ಬಿಚ್ಚಿ ಹೊರಡುವುದೊಂದೇ ಬಾಕಿ, ಅವನ ಬೆನ್ನ ಹಿಂದೆ ಅಮ್ಮ ಮೊಣಕಾಲೂರಿ ಕೂತಿದ್ದಾಳೆ, ಪಕ್ಕದಲ್ಲಿ ತುಂಬಿದ ಜಗ್, ಯಾವ ಕೊಳೆಯೋ ಏನೋ, ಹೋಗ್ತಾನೇ ಇಲ್ಲ, ಅಂತ ತನ್ನಷ್ಟಕ್ಕೆ ಗೊಣಗುತ್ತ ಉಗುರಿನಿಂದ ಕೆರೆಯುತ್ತಿದ್ದಾಳೆ, ಆ ಕೆಂಪು ಚುಕ್ಕೆಯನ್ನು, ಕೆರೆಯುತ್ತಿದ್ದಾಳೆ, ಕೆಂಪು ಚುಕ್ಕೆ